ಮಾಲ್ಕಿ ಕಾಡಿನ ಕಟಾವು: ಪಟ್ಟಿ ಬರುವ ಮೊದಲು ಮಧ್ಯಂತರ ನಿಯಮ ಬರಲಿ

ಪ್ರಧಾನ ಕಾರ್ಯದರ್ಶಿಗಳು, ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಇಲಾಖೆ, ಬೆಂಗಳೂರು
ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ, ಕಾರವಾರ
ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳು, ಕೆನರಾ ವೃತ್ತ, ಶಿರಸಿ
ಇವರಿಗೆ ಬಹಿರಂಗ ಪತ್ರ

ಮಾನ್ಯರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ, ಹೊನ್ನಾವರ, ಅಂಕೋಲಾ, ಕಾರವಾರ ಕಡೆಯ ಮಾಲ್ಕಿ, ಅಂದರೆ ಖಾಸಗಿ ಒಡೆತನದ, ಜಮೀನುಗಳಲ್ಲಿ ಇನ್ನೂ ಉಳಿದಿರುವ ಸಹಜ ಕಾಡಿನ ವಿಷಯವಾಗಿ ಈ ಪತ್ರ. ಈ ಕಾಡನ್ನು ಕಡಿಯಬಹುದೇ, ಕಡಿಯಬಹುದಾದರೆ ಎಷ್ಟು, ಯಾವ ಜಾಗದಲ್ಲಿ, ಯಾರನ್ನು ಕೇಳಿ ಎಂಬುದಕ್ಕೆ ಜಮೀನಿನ ಮಾಲೀಕರಿಗೂ ಸ್ಥಳಕ್ಕೆ ಬರುವ ಉಪವಲಯ ಅರಣ್ಯಾಧಿಕಾರಿಗೂ ಒಂದೇ ರೀತಿ ಅರ್ಥವಾಗುವ ಲಿಖಿತ ಉತ್ತರ ಬೇಕಾಗಿದೆ.

ಕೇಂದ್ರದ 2023ರ ಅರಣ್ಯ ನಿಯಮಗಳ 16ನೇ ನಿಯಮದಂತೆ ಪ್ರತಿ ರಾಜ್ಯವೂ ತಜ್ಞರ ಸಮಿತಿ ಮಾಡಿ, ಅರಣ್ಯ ಸ್ವರೂಪದ ಜಮೀನುಗಳನ್ನೂ ಸೇರಿಸಿ ಏಕೀಕೃತ ದಾಖಲೆ, ಅಂದರೆ ಪಟ್ಟಿ, ಸಿದ್ಧಪಡಿಸಬೇಕು. ಆ ಕೆಲಸ ಮುಗಿಯುವವರೆಗೆ ಅರಣ್ಯ ಯಾವುದು ಎಂಬುದಕ್ಕೆ 12-12-1996ರ ಗೋದಾವರ್ಮನ್ ತೀರ್ಪಿನ ವ್ಯಾಖ್ಯೆಯನ್ನೇ (ಒಡೆತನ ಯಾರದ್ದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾದದ್ದೆಲ್ಲ ಅರಣ್ಯ) ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 19-02-2024ರಂದು ಮಧ್ಯಂತರ ಆದೇಶ ಕೊಟ್ಟಿದೆ. ಹಳೆಯ ವ್ಯವಸ್ಥೆ ಪೂರ್ತಿ ಹೋಗಿಲ್ಲ, ಹೊಸದು ಪೂರ್ತಿ ಬಂದಿಲ್ಲ ಎನ್ನುವ ಈ ನಡುವಿನ ಅವಧಿಯೇ ಕಾಡಿಗೆ ಅತ್ಯಂತ ಅಪಾಯದ್ದು. ನಿರ್ಬಂಧ ಬರುತ್ತದಂತೆ ಎಂಬ ಸುದ್ದಿ ಊರಲ್ಲಿ ಹಬ್ಬಿತು ಎಂದರೆ, ಬರುವುದರೊಳಗೆ ಕಡಿದು ಮುಗಿಸುವುದೇ ಲಾಭ ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಕಾಡು ಉಳಿಸಿಕೊಂಡವರ ಜಮೀನು ಪಟ್ಟಿಗೆ ಸೇರುತ್ತದೆ, ಬೋಳು ಮಾಡಿದವರದ್ದು ಬಿಟ್ಟುಹೋಗುತ್ತದೆ. ಇಷ್ಟು ವರ್ಷ ಮರ ಕಾಯ್ದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಅದಕ್ಕಾಗಿ ನಮ್ಮ ಬೇಡಿಕೆ ಒಂದೇ: ಪಟ್ಟಿ ಅಂತಿಮವಾಗುವ ಮೊದಲೇ ಸುತ್ತೋಲೆಯ ಮೂಲಕ ಮಧ್ಯಂತರ ನಿಯಮ ಹೊರಡಿಸಿ. ಅದರಲ್ಲಿ ಏನೇನಿರಬೇಕು ಎಂಬುದನ್ನು ಮುಂದೆ ಬಿಡಿಸಿ ಬರೆದಿದ್ದೇವೆ.

ಮೊದಲು ಯಾವ ಜಮೀನಿನ ಮಾತು ಎಂಬುದು ಸ್ಪಷ್ಟವಾಗಲಿ. ನಮ್ಮ ಜಿಲ್ಲೆಯಲ್ಲಿ ಕಾಡು ಎಂದೊಡನೆ ಮೂರು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಎಕರೆ ತೋಟಕ್ಕೆ 9 ಎಕರೆ ಲೆಕ್ಕದಲ್ಲಿ ಬಿಟ್ಟ ಸೊಪ್ಪಿನಬೆಟ್ಟ ಮಾಲ್ಕಿಯಲ್ಲ. ಅಲ್ಲಿ ತೋಟದವರಿಗೆ ಇರುವುದು ಸೊಪ್ಪು, ದರಕು (ಉದುರಿದ ಒಣ ಎಲೆ), ಕಟ್ಟಿಗೆಯ ಸವಲತ್ತು ಮಾತ್ರ. ಅರಣ್ಯ ಅತಿಕ್ರಮಣದ ಪ್ರಶ್ನೆ ಇನ್ನೊಂದು. ಅದಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆಯಿದೆ, 13-12-2005ರ ಗಡುವಿದೆ. ಈ ಪತ್ರ ಆ ಎರಡನ್ನೂ ಮುಟ್ಟುವುದಿಲ್ಲ. ನಾವು ಹೇಳುತ್ತಿರುವುದು ಪಹಣಿಯಲ್ಲಿ ಖಾಸಗಿಯವರ ಹೆಸರಿರುವ, ಆದರೆ ನೆಲದ ಮೇಲೆ ಮತ್ತಿ, ಹೊನ್ನೆ, ನಂದಿ, ಹೈಗ, ಉಪ್ಪಾಗೆ, ಮುರುಗಲು, ನೇರಲೆ, ರಾಮಪತ್ರೆ ನಿಂತಿರುವ ಜಮೀನಿನ ಬಗ್ಗೆ. ತೋಟದ ತಲೆಯ ಮೇಲಿನ ಇಳಿಜಾರು, ಹಳ್ಳದ ಇಕ್ಕೆಲದ ಕಾನು (ನಿತ್ಯಹರಿದ್ವರ್ಣ ಕಾಡು), ಖುಷ್ಕಿ ಎಂದು ದಾಖಲಾಗಿ ಉಳುಮೆ ನಿಂತು ಮೂರ್ನಾಲ್ಕು ದಶಕದಲ್ಲಿ ಮತ್ತೆ ಕಾಡಾದ ಹಕ್ಕಲು ಇವೆಲ್ಲ ಇದರಲ್ಲಿ ಬರುತ್ತವೆ. ಮಾಲೀಕರೇ ನೆಟ್ಟು ಬೆಳೆಸಿದ ಗಾಳಿಮರ, ಅಕೇಶಿಯಾ, ಸಿಲ್ವರ್ ಓಕ್, ರಬ್ಬರ್, ತೇಗದ ಸಾಲುಗಳು ಬರುವುದಿಲ್ಲ. ಅವಕ್ಕೂ ಇವಕ್ಕೂ ಒಂದೇ ನಿಯಮ ಹಚ್ಚಿದರೆ ಜನ ಇನ್ನು ಮುಂದೆ ಒಂದು ಮರವನ್ನೂ ನೆಡುವುದಿಲ್ಲ.

ಈಗಿರುವ ಕಾನೂನಿನ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ. ರಾಜ್ಯದ ಪರಿಭಾವಿತ ಅರಣ್ಯದ (ಡೀಮ್ಡ್ ಫಾರೆಸ್ಟ್) ಪಟ್ಟಿ 9.94 ಲಕ್ಷ ಹೆಕ್ಟೇರಿನಿಂದ 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿದಾಗ, ಪಟ್ಟಿಯಿಂದ ಹೊರಬಂದದ್ದೆಲ್ಲ ಕಡಿಯಲು ಮುಕ್ತ ಎಂದುಕೊಂಡವರಿದ್ದಾರೆ. ಹಾಗಲ್ಲ. ಜಮೀನು ಯಾವ ಪಟ್ಟಿಯಲ್ಲಿದ್ದರೂ ಇಲ್ಲದಿದ್ದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ 8ನೇ ಕಲಮಿನಂತೆ, ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು ಉಳಿದ ಮರ ಕಡಿಯಲು ವೃಕ್ಷ ಅಧಿಕಾರಿಯ ಪೂರ್ವಾನುಮತಿ ಬೇಕೇ ಬೇಕು. ಮರದ ಪ್ರಶ್ನೆ ಬೇರೆ, ನೆಲದ ಪ್ರಶ್ನೆ ಬೇರೆ. ಮರ ಕಡಿಯುವ ಅನುಮತಿ ಸಿಕ್ಕಿತೆಂದರೆ ಆ ನೆಲವನ್ನು ಕಾಡಲ್ಲದ ಬಳಕೆಗೆ ತಿರುಗಿಸುವ ಅನುಮತಿಯೂ ಸಿಕ್ಕಿತೆಂದಲ್ಲ. ಅಲ್ಲಿ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆಯೇ ಎಂದು ನೋಡಬೇಕು. 01-12-2023ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಎರಡು ದಿನಾಂಕಗಳಿವೆ. 25-10-1980ರಂದು ಅಥವಾ ಆಮೇಲೆ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ನಮೂದಾದ ನೆಲ ಕಾಯ್ದೆಯ ಒಳಗೆ. 12-12-1996ರಂದು ಅಥವಾ ಅದಕ್ಕೆ ಮೊದಲು ಸಕ್ಷಮ ಆದೇಶದಿಂದ ಬೇರೆ ಬಳಕೆಗೆ ಹೋದದ್ದು ಹೊರಗೆ. ಮಧ್ಯಂತರ ಸುತ್ತೋಲೆ ಈ ಎರಡು ಪ್ರಶ್ನೆಗಳನ್ನು ಒಂದೇ ಅರ್ಜಿಯಲ್ಲಿ, ಎರಡು ಪ್ರತ್ಯೇಕ ಕಾಲಂನಲ್ಲಿ ಉತ್ತರಿಸುವಂತೆ ಮಾಡಬೇಕು. ಈಗ ಮೊದಲನೆಯದಕ್ಕೆ ಉತ್ತರ ಸಿಕ್ಕಿದೊಡನೆ ಹಿಟಾಚಿ ಬಂದು ನಿಲ್ಲುತ್ತದೆ.

ಇನ್ನು ನಿಗದಿತ ದಿನ. ನಿಯಮಕ್ಕೆ ಹಿಂದಿನ ದಿನಾಂಕವೊಂದು ಬೇಕು. ಸುತ್ತೋಲೆ ಹೊರಡುವ ದಿನವನ್ನೇ ನಿಗದಿತ ದಿನ ಮಾಡಿದರೆ, ಕರಡು ಓದಿದವರು ಅಂತಿಮ ಆದೇಶಕ್ಕೆ ಮೊದಲೇ ಕೆಲಸ ಮುಗಿಸುತ್ತಾರೆ. ಕರಡು ಪ್ರಕಟವಾಗುವ ಮುಂಚಿನ ಜನವರಿಯಿಂದ ಮಾರ್ಚ್‌ವರೆಗಿನ ಉಪಗ್ರಹ ಚಿತ್ರದಲ್ಲಿ ಕಾಡಾಗಿ ಕಂಡದ್ದೆಲ್ಲ ಕಾಡೇ, ಆಮೇಲೆ ಯಾರು ಏನೇ ಮಾಡಿರಲಿ, ಎಂದು ಬರೆಯಿರಿ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು 10 ಮೀಟರ್ ಸ್ಪಷ್ಟತೆಯಲ್ಲಿ, ಸುಮಾರು 5 ದಿನಕ್ಕೊಮ್ಮೆ, ಪುಕ್ಕಟೆ ಸಿಗುತ್ತವೆ. ಬೇಸಿಗೆಯ ತಿಂಗಳೇ ಏಕೆಂದರೆ ಮಳೆಗಾಲದಲ್ಲಿ ನಮ್ಮ ಮೇಲೆ ಮೋಡ ಬಿಟ್ಟು ಏನೂ ಕಾಣುವುದಿಲ್ಲ.

ಆದರೆ ಚಿತ್ರವೊಂದನ್ನೇ ನಂಬಬಾರದು. ಭಾರತೀಯ ಅರಣ್ಯ ಸಮೀಕ್ಷೆಯ ವರದಿಯಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ. 10ಕ್ಕೆ ಕಡಿಮೆಯಿಲ್ಲದ ಮರದ ನೆರಳಿರುವ ಎಲ್ಲ ನೆಲವೂ ಅರಣ್ಯ ಹೊದಿಕೆಯೇ. ಮಾಲೀಕತ್ವವಾಗಲಿ ಮರದ ಜಾತಿಯಾಗಲಿ ಅಲ್ಲಿ ಗಣನೆಗಿಲ್ಲ. ಹಾಗಾಗಿ ಸಹಜ ಕಾನು ಬೋಳಾಗಿ ಅಕೇಶಿಯಾ ಎದ್ದರೂ, ಅಡಿಕೆ ತೋಟ ಬಂದರೂ, ಜಿಲ್ಲೆಯ ಅಂಕಿ ಅಲುಗದೆ ಉಳಿಯಬಹುದು. ಜಾತಿ ಗೊತ್ತಾಗಬೇಕಾದರೆ ನೆಲಕ್ಕೆ ಇಳಿಯಲೇಬೇಕು. ಎಕರೆಗೆ ಒಂದರಂತೆ 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕ ಹಾಕಿ, ಅದರೊಳಗೆ ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ, 30 ಸೆಂಟಿಮೀಟರ್ ದಾಟಿದ ಸುತ್ತಳತೆಯ ಎಲ್ಲ ಮರಗಳ ಹೆಸರು, ಅಳತೆ ಬರೆಯಲಿ. ಅದೇ ಚೌಕದ ಎರಡು ಮೂಲೆಯಲ್ಲಿ 5 ಮೀಟರ್ ಚೌಕ ಮಾಡಿ ಅದಕ್ಕಿಂತ ಚಿಕ್ಕ ಗಿಡಗಳನ್ನು ಎಣಿಸಲಿ. ಈ ಎರಡನೆಯ ಎಣಿಕೆಯನ್ನು ಬಿಡಬಾರದು. ದೊಡ್ಡ ಮರ ಎಂಟೇ ಇದ್ದರೂ ಬುಡದಲ್ಲಿ ಉಪ್ಪಾಗೆ, ಹೈಗ, ಸುರಹೊನ್ನೆಯ ನೂರಾರು ಸಸಿ ಇರುವ ಜಾಗ ಜೀವಂತ ಕಾಡು. ಹಳು ಸವರುವ ಹೆಸರಲ್ಲಿ ಮೊದಲು ಹೋಗುವುದು ಈ ಸಸಿಗಳೇ. ಆಮೇಲೆ ಬಂದವರಿಗೆ ಕಾಣುವುದು ಎಂಟು ಮುದಿ ಮರ ಮಾತ್ರ. ಅವರು 'ವಿರಳ ಮರಗಳಿವೆ' ಎಂದು ಬರೆದು ಹೋಗುತ್ತಾರೆ.

ಎಣಿಕೆ ಪಟ್ಟಿಯ ಇನ್ನೊಂದು ರೋಗ 'ಇತರೆ ಕಾಡುಜಾತಿ' ಎಂಬ ಸಾಲು. ತೇಗ, ಬೀಟೆ, ಹೊನ್ನೆ, ಮತ್ತಿಗೆ ಬೇರೆ ಬೇರೆ ಸಾಲಿದ್ದು, ನಾಟಾ (ಮರಮಟ್ಟು) ಬೆಲೆ ಇಲ್ಲದ್ದೆಲ್ಲ ಈ ಒಂದೇ ಸಾಲಿಗೆ ಬಿದ್ದರೆ, ಹಳ್ಳದಂಚಿನ ಅಪ್ಪೆಮಿಡಿಯ ಮರವೂ ರಾಮಪತ್ರೆಯೂ ಹೆಸರಿಲ್ಲದೆ ಮುಗಿದುಹೋಗುತ್ತವೆ. ಪ್ರತಿ ಮರಕ್ಕೂ ಕನ್ನಡದ ಹೆಸರಾದರೂ ಇರಲಿ. ಹೆಸರು ತಿಳಿಯದಿದ್ದರೆ ಎಲೆ, ತೊಗಟೆಯ ಫೋಟೋ ಲಗತ್ತಾಗಲಿ. ಗ್ರಾಮ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಒಬ್ಬರು ಎಣಿಕೆಯ ದಿನ ಸ್ಥಳದಲ್ಲಿದ್ದು ಸಹಿ ಹಾಕಲಿ. ಮರ ಗುರುತಿಸಬಲ್ಲ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ, ಕರೆಯುವವರು ಬೇಕಷ್ಟೆ.

ಬಾಕಿ ಅರ್ಜಿಗಳ ಗತಿ ಏನು? ಮಧ್ಯಂತರ ನಿಯಮಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ನಿಗದಿತ ದಿನಕ್ಕೆ ಮೊದಲು ಸಲ್ಲಿಕೆಯಾಗಿ, ಹದ್ದುಬಸ್ತು ನಕಾಶೆ, ಪಹಣಿ, ಮರಗಳ ಪಟ್ಟಿ ಎಲ್ಲ ಇದ್ದು ಪೂರ್ಣವಾಗಿರುವ ಅರ್ಜಿಯನ್ನು ಹಳೆಯ ಕ್ರಮದಲ್ಲೇ ತೀರ್ಮಾನಿಸಿ. ಆದರೆ ಮುಂದೆ ಹೇಳಿರುವ ಹಳ್ಳ, ಜಡ್ಡಿ (ವರ್ಷವಿಡೀ ನೀರು ಒಸರುವ ಕೆಸರುಕಾಡು), ಇಳಿಜಾರಿನ ಷರತ್ತು ಅದಕ್ಕೂ ಇರಲಿ. ಅಪೂರ್ಣ ಅರ್ಜಿ ಹೊಸ ನಿಯಮಕ್ಕೆ ಬರಲಿ. ಖಾಲಿ ಕಾಗದಕ್ಕೆ ಮುದ್ರೆ ಹೊಡೆಸಿ ದಿನಾಂಕ ಕಾದಿರಿಸಿಕೊಳ್ಳುವ ದಾರಿ ಹಾಗೆ ಮುಚ್ಚುತ್ತದೆ. ಅನುಮತಿ ಸಿಕ್ಕಿದ್ದರೂ ಇನ್ನೂ ಕಡಿಯದೆ ನಿಂತಿರುವ ಮರಗಳದ್ದು ಕಷ್ಟದ ವಿಷಯ. ಮಾಲೀಕರು ಮೋಜಣಿಗೆ (ಜಮೀನಿನ ಅಳತೆಗೆ) ಖರ್ಚು ಮಾಡಿರುತ್ತಾರೆ, ಕೆಲವೊಮ್ಮೆ ಗುತ್ತಿಗೆದಾರರಿಂದ ಮುಂಗಡ ಪಡೆದಿರುತ್ತಾರೆ. ಅಂಥ ಅನುಮತಿಯನ್ನು ಏಕಾಏಕಿ ರದ್ದು ಮಾಡಿದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಹಾಗೇ ಬಿಟ್ಟರೆ ಕಾಡು ನಿಲ್ಲುವುದಿಲ್ಲ. ಒಮ್ಮೆ ಮರುಪರಿಶೀಲನೆ ಮಾಡಿ ಹಳ್ಳ, ಜಡ್ಡಿ, ಕಡಿದಾದ ಜಾಗದ ಮರಗಳನ್ನಷ್ಟೇ ಪಟ್ಟಿಯಿಂದ ತೆಗೆದು, ತೆಗೆದ ಮರಕ್ಕೆ ಅನುಮತಿ ಪತ್ರದಲ್ಲಿ ಕಟ್ಟಿದ ಬೆಲೆಯನ್ನು ಮಾಲೀಕರಿಗೆ ಕೊಡಿ. ಕಡಿದು ಬಿದ್ದಿರುವ, ಸಾಗಾಟ ಪಾಸ್ ಆಗದ ನಾಟಾವನ್ನು ಮಾತ್ರ ತಡೆಯಬೇಡಿ. ಮಳೆಗೆ ಕೊಳೆತರೆ ಯಾರಿಗೂ ಉಪಯೋಗವಿಲ್ಲ. ಬೊಡ್ಡೆ ಮತ್ತು ದಿಮ್ಮಿ ತಾಳೆಯಾದರೆ ಪಾಸ್ ಕೊಟ್ಟು ಕಳಿಸಿ.

ಆ ತಾಳೆ ಹೇಗೆ ನೋಡಬೇಕೆಂದರೆ: ಕಡಿಯುವ ಮೊದಲು ಪ್ರತಿ ಮರಕ್ಕೆ ಎರಡು ಕಡೆ ನಂಬರ್ ಬೀಳಬೇಕು, ಒಂದು ಎದೆಮಟ್ಟದಲ್ಲಿ, ಇನ್ನೊಂದು ನೆಲದಿಂದ 15 ಸೆಂಟಿಮೀಟರಿನೊಳಗೆ ಬುಡದಲ್ಲಿ. ಕಡಿದ ಮೇಲೆ ಬುಡದ ನಂಬರ್ ಬೊಡ್ಡೆಯಲ್ಲೇ ಉಳಿಯುತ್ತದೆ. ದಿಮ್ಮಿಯ ಮೇಲಿನ ನಂಬರ್, ಸುತ್ತಿಗೆ ಮುದ್ರೆ, ಪಾಸಿನ ಪಟ್ಟಿ ಮೂರೂ ಅದಕ್ಕೆ ಹೊಂದಬೇಕು. ಮಾಲ್ಕಿ ಪಾಸಿನಲ್ಲಿ ಪಕ್ಕದ ರಕ್ಷಿತಾರಣ್ಯದ ಮರ ಸಾಗುವುದನ್ನು ತಡೆಯಲು ಬೇರೆ ಉಪಾಯವಿಲ್ಲ. ಅಳತೆಯ ಸೂತ್ರವನ್ನೂ ಸುತ್ತೋಲೆಯಲ್ಲೇ ಬರೆಯಿರಿ. ರೂಢಿಯ ಕಾಲು-ಸುತ್ತಳತೆ ಸೂತ್ರದಲ್ಲಿ 1.2 ಮೀಟರ್ ಸುತ್ತಳತೆಯ 6 ಮೀಟರ್ ದಿಮ್ಮಿ 0.54 ಘನ ಮೀಟರ್ ಆಗುತ್ತದೆ. ನಿಜವಾದ ಗಾತ್ರ ಸುಮಾರು 0.69. ನಿಂತ ಮರಕ್ಕೆ ಒಂದು ಸೂತ್ರ, ದಿಮ್ಮಿಗೆ ಇನ್ನೊಂದು ಹಾಕಿದರೆ ಐದರಲ್ಲಿ ಒಂದು ಪಾಲು ನಾಟಾ ಲೆಕ್ಕದಲ್ಲೇ ಹುಟ್ಟುತ್ತದೆ ಅಥವಾ ಮಾಯವಾಗುತ್ತದೆ.

ಗಡಿಯೂ ಅಷ್ಟೇ ಮುಖ್ಯ. ದಟ್ಟ ಕಾಡಿನೊಳಗೆ ಮೊಬೈಲ್ ಜಿಪಿಎಸ್ 10 ಮೀಟರ್ ತಪ್ಪುವುದು ಸಾಮಾನ್ಯ. ಒಂದು ಎಕರೆ ಚೌಕದ ಬದಿ ಸುಮಾರು 64 ಮೀಟರ್. ಅದರ ಒಂದು ಗಡಿ 10 ಮೀಟರ್ ಸರಿಯಿತೆಂದರೆ 6 ಗುಂಟೆಗೂ ಹೆಚ್ಚು ನೆಲ ಆಚೀಚೆಯಾಯಿತು. ರಕ್ಷಿತಾರಣ್ಯಕ್ಕೆ ತಾಗಿದ ಸರ್ವೆ ನಂಬರುಗಳಲ್ಲಿ ಕಂದಾಯ, ಅರಣ್ಯ, ಸರ್ವೆ ಮೂರೂ ಇಲಾಖೆಯವರು ಸೇರಿ ಜಂಟಿ ಮೋಜಣಿ ಮಾಡಿ, ರೋವರ್ (ನಿಖರ ಜಿಪಿಎಸ್ ಅಳತೆ ಯಂತ್ರ) ಇಟ್ಟು ಗಡಿ ಕಲ್ಲು ಖಚಿತಪಡಿಸದೆ ಒಂದು ಮರಕ್ಕೂ ಅನುಮತಿ ಕೊಡಬಾರದು. ಮೋಜಣಿಯ ಖರ್ಚನ್ನು ಎರಡು ಎಕರೆಗಿಂತ ಕಡಿಮೆ ಇರುವವರಿಗೆ ಸರ್ಕಾರವೇ ಭರಿಸಲಿ.

ಒಣಮರದ ವಿಚಾರಕ್ಕೆ ಬರುತ್ತೇವೆ. ಸತ್ತ, ರೋಗ ತಗುಲಿದ, ಗಾಳಿಗೆ ಬಿದ್ದ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಎಂದು 1976ರ ಕಾಯ್ದೆ ಹೇಳುತ್ತದೆ. ನ್ಯಾಯವೇ. ಆದರೆ ನಿರ್ಬಂಧ ಬಿಗಿಯಾದಷ್ಟೂ ಮರವನ್ನು ಬೇಕೆಂದೇ ಸಾಯಿಸುವ ಆಸೆಗೆ ಇದೇ ದಾರಿಯಾಗುತ್ತದೆ. ನೆಲದಿಂದ ಒಂದು ಗೇಣು ಮೇಲೆ ನಾಲ್ಕು ಬೆರಳು ಅಗಲ ತೊಗಟೆಯನ್ನು ಸುತ್ತಲೂ ಎತ್ತಿದರೆ ಎಲೆಯ ಆಹಾರ ಬೇರಿಗೆ ಇಳಿಯುವುದಿಲ್ಲ. ಒಳಗಿನ ಕಟ್ಟಿಗೆಯ ಮೂಲಕ ನೀರು ಏರುತ್ತಲೇ ಇರುವುದರಿಂದ ಎಲೆ ಕೂಡಲೇ ಬಾಡುವುದೂ ಇಲ್ಲ. ಮರ ತಿಂಗಳುಗಟ್ಟಲೆ ಹಸಿರಾಗಿಯೇ ಇದ್ದು, ಬೇರು ಸೊರಗಿದ ಮೇಲೆ ಒಣಗುತ್ತದೆ. ಅಷ್ಟರಲ್ಲಿ ಗಾಯದ ಮೇಲೆ ಮಣ್ಣು, ದರಕು ಪೇರಿಸಿರುತ್ತಾರೆ. ಪರಿಶೀಲನೆಗೆ ಬಂದವರು ತಲೆ ಎತ್ತಿ ಒಣ ಟೊಂಗೆ ನೋಡಿ ಮಹಜರು ಬರೆದರೆ ಸಾಲದು. ಬುಡದ ದರಕು ಸರಿಸಿ, ಮಣ್ಣು ಕೆರೆದು, ಒಂದು ಮೀಟರ್ ಎತ್ತರದವರೆಗೆ ಸುತ್ತಲೂ ತೊಗಟೆ ನೋಡಬೇಕು. ಕತ್ತಿಯ ಗಾಯ, ಕೊರೆದು ಮಣ್ಣು ಮೆತ್ತಿದ ತೂತು, ಬುಡಕ್ಕೆ ಬೆಂಕಿ ಇಟ್ಟ ಕರಿ ಇದ್ದರೆ ಅದು ಒಣಮರವಲ್ಲ, ಕಡಿದ ಮರ. ತೊಗಟೆ ಸುಲಿಯುವುದು, ಸುಡುವುದು, ಯಂತ್ರದಿಂದ ಉರುಳಿಸುವುದು ಎಲ್ಲವೂ ಆ ಕಾಯ್ದೆಯ ಪ್ರಕಾರ ಕಡಿತವೇ. ಒಂದೇ ಸರ್ವೆ ನಂಬರಿನಲ್ಲಿ ಒಂದೇ ವರ್ಷ ಐದಕ್ಕಿಂತ ಹೆಚ್ಚು ಮರ ಒಣಗಿದರೆ ವಲಯ ಅರಣ್ಯಾಧಿಕಾರಿಯೇ ಸ್ಥಳಕ್ಕೆ ಬರಬೇಕೆಂದು ನಿಯಮಿಸಿ.

ಯಂತ್ರದ ಕೆಲಸ ಇನ್ನೂ ಮೋಸದ್ದು. ಇಳಿಜಾರಿಗೆ ಪಟ್ಟೆ (ಮೆಟ್ಟಿಲಿನಂಥ ಸಮತಟ್ಟು) ಹೊಡೆಯುವಾಗ ಮೇಲಿನ ಬದಿ ಬೇರು ತುಂಡಾಗುತ್ತದೆ, ಕೆಳಬದಿಯ ಮರದ ಬುಡದ ಮೇಲೆ ಎರಡು ಮೂರು ಅಡಿ ಮಣ್ಣು ಬೀಳುತ್ತದೆ. ಹೂತ ಬುಡಕ್ಕೆ ಗಾಳಿಯಿಲ್ಲ. ಅಂದು ಒಂದು ಮರವನ್ನೂ ಕಡಿದಿರುವುದಿಲ್ಲ. ಎರಡು ಮೂರು ಮಳೆಗಾಲ ಕಳೆದ ಮೇಲೆ ಸಾಲಾಗಿ ಒಣಗುತ್ತವೆ. ಆದ್ದರಿಂದ ಸಹಜ ಕಾಡಿರುವ ಮಾಲ್ಕಿಯಲ್ಲಿ ಜೆಸಿಬಿ, ಹಿಟಾಚಿ ಇಳಿಸುವುದಕ್ಕೇ ಪ್ರತ್ಯೇಕ ಅನುಮತಿ ಬೇಕು, ಮತ್ತು ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಅದು ಪೂರ್ತಿ ನಿಲ್ಲಬೇಕು.

ಇಳಿಜಾರಿನ ಅಳತೆ ಸುತ್ತೋಲೆಯಲ್ಲಿ ಸಂಖ್ಯೆಯಲ್ಲೇ ಇರಲಿ. 'ಕಡಿದಾದ' ಎಂದು ಬರೆದು ಬಿಟ್ಟರೆ ಒಬ್ಬೊಬ್ಬರ ಕಣ್ಣಿಗೆ ಒಂದೊಂದು. 10 ಮೀಟರ್ ಸಮತಲ ದೂರಕ್ಕೆ 3 ಮೀಟರ್ ಇಳಿದರೆ ಶೇ. 30, ಸುಮಾರು 17 ಡಿಗ್ರಿ. ಎರಡು ಗೂಟ, ನೀರು ತುಂಬಿದ ಪಾರದರ್ಶಕ ಪೈಪು, ಟೇಪು ಇದ್ದರೆ ಯಾರು ಬೇಕಾದರೂ ಅಳೆಯಬಹುದು. ಶೇ. 30ಕ್ಕೆ ಮೇಲ್ಪಟ್ಟಲ್ಲಿ ಸಮೂಲ ಕಟಾವೂ ಬೇಡ, ಪಟ್ಟೆಯೂ ಬೇಡ. ಮನೆಬಳಕೆಗೆ ಆಯ್ದ ಒಂಟಿ ಮರಕ್ಕೆ ಅಡ್ಡಿಯಿಲ್ಲ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡ, 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು ಹೀಗೆ ನಮ್ಮ ಗುಡ್ಡಗಳು ಕುಸಿದಿವೆ. ಎಲ್ಲಕ್ಕೂ ಕಾರಣ ಒಂದೇ ಅಲ್ಲ. ಶಿರೂರಿನದು ಹೆದ್ದಾರಿಗೆ ಕಡಿದ ಗುಡ್ಡದ ಬದಿ. ಆದರೆ ಬಂಡೆಯ ಮೇಲೆ ಕೂತ ದಪ್ಪ ಮಣ್ಣು ದಿನಗಟ್ಟಲೆ ಮಳೆ ಕುಡಿದು ಭಾರವಾದಾಗ ಅದನ್ನು ಹಿಡಿಯಲು ಆಳದ ಬೇರು ಬೇಕು ಎಂಬುದು ಎಲ್ಲ ಕಡೆಗೂ ಒಂದೇ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಮತ್ತಿ, ನಂದಿ ಹಿಡಿದ ಧರೆಯನ್ನು ಅಡಿಕೆ ಹಿಡಿಯಲಾರದು.

ನೀರಿನ ಲೆಕ್ಕವೂ ಇದೆ. 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಅಡಿಕೆ ಗಿಡ. ಹನಿ ನೀರಾವರಿಯಲ್ಲೂ ಬೇಸಿಗೆಯಲ್ಲಿ ಗಿಡವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್. ಅಂದರೆ ಎಕರೆಗೆ ದಿನಕ್ಕೆ 9ರಿಂದ 11 ಸಾವಿರ ಲೀಟರ್. ಹಳೆಯ ತೋಟಗಳು ಕಣಿವೆಯಲ್ಲಿದ್ದು ಮೇಲಿನ ಕಾಡಿನಿಂದ ಒಸರಿದ ನೀರನ್ನು ಕುಡಿದವು. ಕಾಡು ಕಡಿದು ಗುಡ್ಡದ ಮೇಲೆ ತೋಟ ಮಾಡಿದರೆ ಒಸರು ಕಡಿಮೆಯಾಗುತ್ತದೆ, ಕೊಳವೆಬಾವಿಯ ಸೆಳೆತ ಹೆಚ್ಚುತ್ತದೆ, ಎರಡರ ನಷ್ಟವೂ ಕೆಳಗಿನ ತೋಟದವರ ತಲೆಗೆ. ಅನುಮತಿ ಕೊಡುವ ಮೊದಲು ಅದೇ ಹಳ್ಳದ ಕೆಳಗಿನ ಹಿಡುವಳಿದಾರರಿಗೆ ನೋಟಿಸ್ ಹೋಗಬೇಕೆನ್ನುವುದು ಇದಕ್ಕೇ.

ಹಳ್ಳದ ಎರಡೂ ದಂಡೆಯಲ್ಲಿ, ಮಳೆಗಾಲದ ನೀರಿನ ಗುರುತಿನಿಂದ 30 ಮೀಟರ್ ಕಟಾವು ಬೇಡ. ಬೇಸಿಗೆಯಲ್ಲಿ ಬಂದು ಒಣ ಹಳ್ಳದ ನಡುವಿನಿಂದ ಟೇಪು ಹಿಡಿಯುವುದು ಅಳತೆಯಲ್ಲ. ಬೇರಿಗೆ ಸಿಕ್ಕಿಕೊಂಡ ಕಸ, ಬಂಡೆಯ ಮೇಲಿನ ಪಾಚಿಯ ಗೆರೆ ನೋಡಿ ನೀರಿನ ಗುರುತು ಹಿಡಿಯಬೇಕು. ಕರಾವಳಿಯ ಗಜನಿ (ಉಪ್ಪುನೀರಿನ ಗದ್ದೆ) ಅಂಚಿನ ಕಾಂಡ್ಲಾ ಕಾಡಿಗೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝೆಡ್ ಅಧಿಸೂಚನೆ ಇರುವುದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಕಾದದ್ದು ರಾಮಪತ್ರೆ ಜಡ್ಡಿಗಳಿಗೆ. ಸಿದ್ದಾಪುರದ ಕತ್ತಲೆಕಾನಿನಂಥ ಜಡ್ಡಿಗಳು ಪ್ರಪಂಚದಲ್ಲೇ ಅಪರೂಪದವು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಗೇರಿನ ಕುಟುಂಬದ ಮರವನ್ನು ವಿಜ್ಞಾನ ಗುರುತಿಸಿದ್ದೇ 2000ದಲ್ಲಿ, ಅದೂ ಇಲ್ಲಿಂದ. ವರ್ಷವಿಡೀ ನೀರು ಒಸರುವ ಕೆಸರಿನಲ್ಲಿ ಬೇರಿಗೆ ಉಸಿರು ಸಿಗದ ಕಾರಣ ಜಿಮ್ನಾಕ್ರಾಂತೆರಾ ಮರದ ಬೇರು ಮಂಡಿ ಮಡಿಸಿದಂತೆ ಕೆಸರಿನಿಂದ ಮೇಲೆದ್ದು ಮತ್ತೆ ಇಳಿಯುತ್ತದೆ. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಕಾಂಡದಿಂದಲೇ ಊರುಗೋಲಿನಂತೆ ಬೇರು ಇಳಿಬಿಡುತ್ತದೆ. ಇಂಥ ಬೇರು ಕಂಡ ಜಾಗ ಜಡ್ಡಿ. ಅದಕ್ಕೆ ತಜ್ಞರ ವರದಿ ಕಾಯಬೇಕಿಲ್ಲ. ಈ ಮರಗಳ ಬೀಜ ಒಣಗಿದರೆ ಸತ್ತಂತೆ, ಕೂಡಿಟ್ಟು ಮುಂದಿನ ವರ್ಷ ಬಿತ್ತಲು ಬರುವುದಿಲ್ಲ. ನೆರಳು ಹೋದರೆ ಕಮ್ಯುನಿಸ್ಟ್ ಕಳೆ, ಲಂಟಾನ ನುಗ್ಗಿ ಸಸಿ ಮೇಲೇಳುವುದಿಲ್ಲ. ಜಡ್ಡಿಯನ್ನು ಕೊಲ್ಲಲು ಕೊಡಲಿಯೂ ಬೇಡ. ಕೆಳಗಡೆ ಮೂರಡಿ ಆಳದ ಒಂದು ಬಸಿಗಾಲುವೆ ತೋಡಿದರೆ ಸಾಕು, ಕೆಸರು ಗಟ್ಟಿಯಾಗಿ ಕೆಲವೇ ವರ್ಷದಲ್ಲಿ ಕಥೆ ಮುಗಿಯುತ್ತದೆ. ಆದ್ದರಿಂದ ಜಡ್ಡಿ ಮತ್ತು ಸುತ್ತಲಿನ 50 ಮೀಟರಿನಲ್ಲಿ ಕಟಾವಿನ ಜೊತೆ ಕಾಲುವೆ, ಕೆರೆ, ಪಂಪು, ಗೊಬ್ಬರಗುಂಡಿ ಯಾವುದೂ ಬೇಡ. ಹಾಗೆ ನೆಲ ಬಿಟ್ಟುಕೊಟ್ಟ ಮಾಲೀಕರಿಗೆ ಸರ್ಕಾರ ವರ್ಷವರ್ಷವೂ ಎಕರೆ ಲೆಕ್ಕದಲ್ಲಿ ಹಣ ಕೊಡಲೇಬೇಕು. ಊರಿನ ನೀರು ಕಾಯುವ ಭಾರವನ್ನು ಒಬ್ಬ ರೈತನ ಹೆಗಲಿಗೆ ಹಾಕಿ ಕೈ ತೊಳೆದುಕೊಳ್ಳುವುದು ಸರಿಯಲ್ಲ.

ಮಿತಿಗಳನ್ನು ಹೋಳು ಮಾಡಿ ದಾಟುವ ಅಭ್ಯಾಸವಿದೆ. ವರ್ಷಕ್ಕೆ ಇಷ್ಟು ಮರ ಎಂದರೆ ಅಣ್ಣತಮ್ಮಂದಿರ ಹೆಸರಿಗೆ ಹಿಸ್ಸೆ ಒಡೆದು ನಾಲ್ಕು ಅರ್ಜಿ ಬರುತ್ತದೆ. ಮಿತಿಯನ್ನು ನಿಗದಿತ ದಿನ ಇದ್ದ ಸರ್ವೆ ನಂಬರಿಗೆ ಕಟ್ಟಿ, ಐದು ವರ್ಷದ ಒಟ್ಟು ಲೆಕ್ಕ ಹಿಡಿಯಿರಿ. ಪಹಣಿಯ 11ನೇ ಕಾಲಂನಲ್ಲಿ ಅನುಮತಿ ಸಂಖ್ಯೆ ನಮೂದಾದರೆ ಜಮೀನು ಮಾರಾಟವಾದರೂ ಲೆಕ್ಕ ಮುಂದುವರಿಯುತ್ತದೆ. ಆದರೆ ಆ ನಮೂದು ಸಾಲಕ್ಕೆ ಅಡ್ಡಿಯಾಗುವುದಿಲ್ಲವೆಂದು ಸೊಸೈಟಿಗಳಿಗೂ ಬ್ಯಾಂಕುಗಳಿಗೂ ಲಿಖಿತವಾಗಿ ತಿಳಿಸಬೇಕು. ಬೆಳೆಸಾಲ ನಿಂತಿತೆಂಬ ಒಂದು ಸುದ್ದಿ ಸಾಕು, ಇಡೀ ಹೋಬಳಿ ನಿಯಮದ ವಿರುದ್ಧ ನಿಲ್ಲುತ್ತದೆ.

ಅನುಮತಿಯೇ ಬೇಡದ ಕೆಲಸಗಳು ಯಾವುವು ಎಂಬುದನ್ನು ಸುತ್ತೋಲೆಯ ಮೊದಲ ಪುಟದಲ್ಲೇ ಹಾಕಿ. ಸೊಪ್ಪು, ದರಕು, ಬಿದ್ದ ಕಟ್ಟಿಗೆ, ಬೇಲಿಗೂಟ. ಉಪ್ಪಾಗೆ, ಮುರುಗಲು, ರಾಮಪತ್ರೆ, ಅಪ್ಪೆಮಿಡಿ, ದಾಲ್ಚಿನ್ನಿ ಎಲೆಯ ಕೊಯ್ಲು ಮತ್ತು ಸಾಗಾಟ. ತಾನೇ ನೆಟ್ಟ ವಿನಾಯಿತಿ ಜಾತಿಯ ಮರ. ಮನೆಯ ಮೇಲೆ ಬಾಗಿದ ಮರಕ್ಕೆ ಫೋಟೋ ಸಹಿತ ತಿಳಿಸಿ 48 ಗಂಟೆ ಕಾಯುವುದಷ್ಟೇ ಇರಲಿ. ಕೊಯ್ಲಿಗೆ ಒಂದೇ ಷರತ್ತು, ಟೊಂಗೆ ಕಡಿದು ಕಾಯಿ ಇಳಿಸಬಾರದು. ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ, ಸಿಪ್ಪೆ ಒಣಗಿಸಲು ಬೆಂಕಿಯೇ ಗತಿ, ಅದಕ್ಕೆ ಕಟ್ಟಿಗೆ ರಾಶಿ ರಾಶಿ ಬೇಕು. ಕಟ್ಟಿಗೆ ಉಳಿಸುವ ಒಲೆಗೆ ಸಹಾಯಧನ ಕೊಟ್ಟರೆ ಇದೇ ಮಾಲ್ಕಿ ಕಾಡಿನ ಎಷ್ಟೋ ಮರ ಉಳಿಯುತ್ತದೆ.

ಬದಲಿ ನೆಡುವ ಷರತ್ತು ಈಗ ಕಾಗದದಲ್ಲೇ ಮುಗಿಯುತ್ತದೆ. ಬೇಸಿಗೆಯಲ್ಲಿ ಕಡಿದ ಹೊನ್ನೆಗೆ ಮಳೆಗಾಲದಲ್ಲಿ ಎರಡು ಅಕೇಶಿಯಾ ನೆಟ್ಟರೆ ಅದು ಬದಲಿಯಲ್ಲ. ಅದೇ ಊರಿನ ಕಾಡಿನ ಜಾತಿಗಳು, ಕನಿಷ್ಠ ಆರು ಬಗೆ, ಒಂದು ಮರಕ್ಕೆ ಹತ್ತು ಸಸಿ, ಜೂನ್ ಮೊದಲ ಮಳೆಗೆ ನೆಡಬೇಕು. ಎಣಿಕೆ ನೆಟ್ಟ ದಿನವಲ್ಲ, ಮೂರನೆಯ ವರ್ಷದ ಏಪ್ರಿಲ್‌ನಲ್ಲಿ ಆಗಬೇಕು. ಆಗ ನಾಲ್ಕಾದರೂ ಬದುಕಿದ್ದರೆ ಇಟ್ಟ ಠೇವಣಿ ವಾಪಸ್. ಇಲಾಖೆಯ ನರ್ಸರಿಗಳಲ್ಲಿ ಹೈಗ, ಸಾಲುಧೂಪ, ಸುರಹೊನ್ನೆ, ಉಪ್ಪಾಗೆ ಸಸಿ ಸಾಕಷ್ಟು ಬೆಳೆಸದೆ ಈ ಷರತ್ತು ಹಾಕಿದರೆ ರೈತರು ಎಲ್ಲಿಂದ ತರಬೇಕು? ಬೀಜ ಮಳೆಗಾಲದಲ್ಲೇ ಹೆಕ್ಕಿ, ತಾಜಾ ಇರುವಾಗಲೇ ಹಾಕಬೇಕಾದ್ದರಿಂದ ನರ್ಸರಿಯ ಸಿದ್ಧತೆ ಒಂದು ವರ್ಷ ಮೊದಲೇ ಆಗಬೇಕು.

ಕ್ರಮ ಹೀಗಿರಲಿ: ಅಕ್ಟೋಬರ್ 1ರಿಂದ ಡಿಸೆಂಬರ್ 31ರವರೆಗೆ ಅರ್ಜಿ, ಫೆಬ್ರವರಿ ಕೊನೆಯೊಳಗೆ ಎಣಿಕೆ ಮತ್ತು ತೀರ್ಮಾನ, ಮೇ 15ರೊಳಗೆ ಕಟಾವು ಮತ್ತು ಸಾಗಾಟ. ಅರ್ಜಿ ಕೊಟ್ಟ ದಿನವೇ ನಂಬರ್ ಹಾಕಿದ ಸ್ವೀಕೃತಿ ಸಿಗಬೇಕು. ನಿರಾಕರಿಸಿದರೆ ಯಾವ ಮರ, ಯಾವ ಕಾರಣ ಎಂದು ಕನ್ನಡದಲ್ಲಿ ಬರೆದು ಕೊಡಬೇಕು. ಗಡುವು ಮೀರಿದರೆ ಕಡತ ತಾನಾಗಿ ಮೇಲಿನ ಅಧಿಕಾರಿಗೆ ಹೋಗಬೇಕು. ಎಲ್ಲ ಅನುಮತಿಗಳ ಪಟ್ಟಿ, ಸರ್ವೆ ನಂಬರ್ ಮತ್ತು ಮರದ ಜಾತಿ ಸಹಿತ, ಗ್ರಾಮ ಪಂಚಾಯ್ತಿಯ ಫಲಕದಲ್ಲಿ ಇರಬೇಕು.

ಕರಡನ್ನು ಕನ್ನಡದಲ್ಲಿ ಪ್ರಕಟಿಸಿ, 30 ದಿನ ಆಕ್ಷೇಪಣೆಗೆ ಬಿಟ್ಟು, ಘಟ್ಟದ ಮೇಲೆ ಶಿರಸಿಯಲ್ಲಿ, ಕೆಳಗೆ ಕುಮಟಾದಲ್ಲಿ ಒಂದೊಂದು ಅಹವಾಲು ಸಭೆ ನಡೆಸಿ, ಮುಂದಿನ ಅಕ್ಟೋಬರ್ 1ರ ಒಳಗೆ ಅಂತಿಮ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ. ಎಣಿಕೆಯ ನಮೂನೆ, ಇಳಿಜಾರು ಮತ್ತು ನೀರಿನ ಗುರುತು ಅಳೆಯುವ ವಿಧಾನ, ಊರಿನ ಮರಗಳ ಹೆಸರಿನ ಪಟ್ಟಿ ಸಿದ್ಧಪಡಿಸುವ ಕೆಲಸಕ್ಕೆ ನಮ್ಮಲ್ಲಿ ಯಾರನ್ನು ಕರೆದರೂ ಬರುತ್ತೇವೆ.

ಇಂತಿ,
ಮಾಲ್ಕಿ ಕಾಡು ಉಳಿಸಿಕೊಂಡಿರುವ ಕೃಷಿಕರು, ಮರ ಬಲ್ಲವರು ಮತ್ತು ಮೋಜಣಿ ಬಲ್ಲವರು
ಶಿರಸಿ, ಉತ್ತರ ಕನ್ನಡ